ದೊಡ್ಡಮಾವನ ಆರು ಗಾಡಿಗಳು

ನಮ್ಮ ಮನೆಯ ಕೆಳಗಿನ ಷೆಡ್ಡಿನಲ್ಲಿ ಒಂದು ಇಂಚಿನ ಮೊಳೆ ಬೇಕೆಂದರೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮೊಳೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಎಲ್ಲಿದೆ ಎನ್ನುವುದು ದೊಡ್ಡಮಾವ ಒಬ್ಬರಿಗೇ ಗೊತ್ತು, ಅದೂ ಅಂದಾಜಿನ ಮೇಲೆ. ‘ಆ ನೀಲಿ ಡಬ್ಬದಲ್ಲಿರಬೇಕು’ ಎಂದು ಶುರುವಾಗುತ್ತಿತ್ತು. ನೀಲಿ ಡಬ್ಬದಲ್ಲಿ ಹಳೆಯ ಬೀಗದ ಕೈಗಳು ಸಿಗುತ್ತಿದ್ದವು. ಆ ಕೈಗಳು ಯಾವ ಬೀಗದವು ಎಂಬ ಮಾತು ಬರುತ್ತಿತ್ತು. ಬಂದವರು ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೇಳಿದ ಮೊಳೆ ಕೊನೆಗೆ ಕಿಟಕಿಯ ಮೇಲಿನ ಒಡೆದ ಲೋಟದಲ್ಲಿ ಸಿಗುತ್ತಿತ್ತು. ಬೀದಿಯವರು ಅವರಿಗೆ ಇಟ್ಟಿದ್ದ ಹೆಸರು ‘ಅರ್ಧಗಂಟೆ’. ಎದುರಿಗೇ ಕರೆಯುತ್ತಿದ್ದರು. ಅವರಿಗೇನೂ ಬೇಸರವಿರಲಿಲ್ಲ.

ದೊಡ್ಡಮಾವ ಅಂದರೆ ನನ್ನ ಮಾವನವರ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮನೆ ಅವರದು. ಮೇಲಿನ ಎರಡು ಕೋಣೆಗಳಲ್ಲಿ ನಾನು, ನನ್ನ ಗಂಡ, ಮಗಳು. ಅವರು ಕೆಳಗೆ, ಷೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ. ಊಟವೂ ಬೇರೆ. ಕಾರ್ಖಾನೆಯ ಅಭ್ಯಾಸದಿಂದ ಅವರಿಗೆ ಹನ್ನೊಂದೂವರೆಗೇ ಹಸಿವು, ನಮಗೆ ಎರಡು ಗಂಟೆಗೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಎಷ್ಟೋ ಸಲ ‘ಮೇಲೆ ಬನ್ನಿ ದೊಡ್ಡಮಾವ’ ಎಂದು ಕರೆದೆ. ‘ಯಾಕಮ್ಮ, ಏನಾದರೂ ಕೆಟ್ಟೋಗಿದೆಯಾ?’ ಎಂದು ಕೇಳುತ್ತಿದ್ದರು. ಇಲ್ಲ ಅಂದರೆ ಬರುತ್ತಿರಲಿಲ್ಲ. ನಲ್ಲಿ ಸೋರಿದರೆ ಬರುತ್ತಿದ್ದರು, ಬಾಗಿಲು ಕಿರುಗುಟ್ಟಿದರೆ ಬರುತ್ತಿದ್ದರು. ರಿಪೇರಿ ಮುಗಿದದ್ದೇ ಮೆಟ್ಟಿಲು ಇಳಿಯುತ್ತಿದ್ದರು.

ಹಾಗಾಗಿ ಅವರ ಪಾಲಿಗೆ ಜನ ಅಂದರೆ ಆ ಅರ್ಧ ಗಂಟೆಯವರೇ. ಎದುರುಮನೆಯ ಟೈಲರ್, ಮೂಲೆಮನೆಯ ಎಲೆಕ್ಟ್ರಿಷಿಯನ್, ನಿವೃತ್ತ ಬಸ್ ಡ್ರೈವರ್, ಪಕ್ಕದ ಟೀಚರ್. ದಿನಕ್ಕೆ ಮೂರು ನಾಲ್ಕು ಜನ. ಇದು ನನಗೆ ಆಗ ತಿಳಿದಿರಲಿಲ್ಲ. ಈಗ ಕೂತು ಲೆಕ್ಕ ಹಾಕಿದಾಗ ತಿಳಿಯುತ್ತದೆ.

ಮಗಳಿಗೆ ಆಗ ಎಂಟು ತಿಂಗಳು. ಒಂದು ಬೆಳಿಗ್ಗೆ ಒಗೆದ ಬಟ್ಟೆ ಹರಡಲು ಕೆಳಗೆ ಬಂದವಳು ಅವಳನ್ನು ಷೆಡ್ಡಿನ ಬಾಗಿಲಲ್ಲಿ ಕೂರಿಸಿದ್ದೆ. ಎರಡು ಬಟ್ಟೆ ಹರಡಿ ತಿರುಗಿ ನೋಡಿದರೆ ಬಾಯಿ ಆಡಿಸುತ್ತಿದ್ದಾಳೆ. ಬೆರಳು ಹಾಕಿ ತೆಗೆದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಸ್ಕ್ರೂ. ಮಗು ಅಳಲಿಲ್ಲ, ನಾನು ಅತ್ತೆ. ಅತ್ತದ್ದು ಸಾಲದೆಂದು ಬಾಯಿಗೆ ಬಂದದ್ದೆಲ್ಲ ಅಂದೆ.

‘ಇದೇನು ಮನೆಯಾ, ಗುಜರಿ ಅಂಗಡಿಯಾ? ಒಂದು ದಿನ ಏನಾದರೂ ಆಗೇ ಆಗತ್ತೆ. ಆಮೇಲೆ ಯಾರು ಹೊಣೆ?’

ಟೈಲರ್ ಸ್ಟೂಲಿನ ಮೇಲೆ ಕೂತಿದ್ದ. ಮೆಲ್ಲಗೆ ಎದ್ದು ಜಾಗ ಖಾಲಿ ಮಾಡಿದ. ದೊಡ್ಡಮಾವ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಡಲಿಲ್ಲ, ಮೇಲೂ ಇಡಲಿಲ್ಲ. ‘ಹೌದಮ್ಮ’ ಎಂದರು, ಅಷ್ಟೇ.

ಮಾರನೆಯ ದಿನ ಷೆಡ್ಡಿನ ಬಾಗಿಲು ಮುಚ್ಚಿತ್ತು. ಕಿಟಕಿಯಲ್ಲಿ ಇಣುಕಿದರೆ ಟೇಪು ಹಿಡಿದು ನೆಲ ಅಳೆಯುತ್ತಿದ್ದರು. ಸಾಮಾನನ್ನೆಲ್ಲ ಗೋಡೆಯ ಕಪಾಟಿಗೆ ತುಂಬಿ ಬೀಗ ಹಾಕಿಬಿಡಿ ಎಂದು ನನ್ನ ಗಂಡ ಸಲಹೆ ಕೊಟ್ಟ. ಅದಾಗಲ್ಲವಂತೆ. ಆ ಷೆಡ್ಡಿನಲ್ಲಿ ಎಲ್ಲ ಕೆಲಸವೂ ಒಂದೇ ಮೇಜಿನ ಮೇಲೆ ಆಗಬೇಕು. ಮರದ ಕೆಲಸಕ್ಕೆ ಒಂದು ಸಾಮಾನು, ಕೊಳಾಯಿಗೆ ಇನ್ನೊಂದು. ಪ್ರತಿಯೊಂದಕ್ಕೂ ಗೋಡೆಗೆ ಓಡಿದರೆ ಮೊಣಕಾಲಿನ ಗತಿ? ‘ನಾನು ಸಾಮಾನಿನ ಹತ್ರ ಹೋಗೋದಲ್ಲಪ್ಪ, ಸಾಮಾನು ನನ್ನ ಹತ್ರ ಬರಬೇಕು’ ಎಂದರು. ಅಂದರೆ ಚಕ್ರದ ಗಾಡಿಗಳು. ಸೊಂಟದೆತ್ತರ, ಮೇಜಿನ ಕೆಳಗೆ ತೂರುವಷ್ಟು ಅಗಲ, ಎಲ್ಲ ಖಾನೆಗೂ ಮಗುವಿನ ಕೈಗೆ ಬಗ್ಗದ ಚಿಲಕ.

ಹಳೆಯ ಮಂಚವೊಂದನ್ನು ಬಿಚ್ಚಿ ಚೌಕಟ್ಟು ಮಾಡಿದರು. ಪಕ್ಕಗಳಿಗೆ ಪ್ಲೈವುಡ್. ಸ್ಕ್ರೂ, ವಾಷರುಗಳಿಗೆ ಡಬ್ಬ ಬೇಕೆಂದಾಗ ಮಗಳ ಹಾಲಿನಪುಡಿಯ ಖಾಲಿ ಡಬ್ಬಗಳನ್ನು ನಾನೇ ತಂದುಕೊಟ್ಟೆ, ಹದಿನೇಳು. ಒಂದೊಂದು ಡಬ್ಬದ ಮುಚ್ಚಳಕ್ಕೂ ಒಳಗಿರುವುದರದೇ ಒಂದು ತುಂಡನ್ನು ಅಂಟಿಸಿದರು. ಭಾರದ್ದೆಲ್ಲ ತಳದ ಖಾನೆಗೆ. ‘ಮೇಲೆ ಭಾರ ಇಟ್ರೆ ಗಾಡಿ ಮಗುಚುತ್ತೆ. ಮಗು ಎಳೀಬಹುದು’ ಎಂದು ನನಗೆ ವಿವರಿಸಿದರು. ನಾನು ಕೇಳದೆಯೇ.

ಮೊದಲನೆಯ ಗಾಡಿಯಲ್ಲಿ ಒಂದು ತಪ್ಪಾಯಿತು. ನಾಲ್ಕಕ್ಕೆ ನಾಲ್ಕೂ ಎಲ್ಲ ದಿಕ್ಕಿಗೂ ತಿರುಗುವ ಚಕ್ರಗಳನ್ನೇ ಹಾಕಿಬಿಟ್ಟಿದ್ದರು. ತಳ್ಳಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅದು ಸಾಲದೆಂಬಂತೆ, ತೊಳೆದ ನೀರು ಹೊರಗೆ ಹರಿಯಲೆಂದು ಷೆಡ್ಡಿನ ನೆಲಕ್ಕೆ ಬಾಗಿಲ ಕಡೆ ಇಳಿಜಾರು ಕೊಟ್ಟಿದ್ದನ್ನು ಮರೆತಿದ್ದರು. ಸಾಮಾನು ತುಂಬಿ ಬೆನ್ನು ತಿರುಗಿಸಿದ್ದೇ ತಡ, ಗಾಡಿ ತಾನೇ ಹೊರಟಿತು. ಬಾಗಿಲು ದಾಟಿ, ಅಂಗಳ ದಾಟಿ, ಗೇಟಿಗೆ ಹೋಗಿ ಢಣ್ ಎಂದು ನಿಂತಿತು. ಗೇಟಿನಾಚೆ ಬಸ್ ಡ್ರೈವರ್ ನಿಂತಿದ್ದರು.

‘ಏನ್ರೀ ಅರ್ಧಗಂಟೆ, ಹ್ಯಾಂಡ್‌ಬ್ರೇಕ್ ಹಾಕೋ ಅಭ್ಯಾಸ ಇಲ್ವಾ?’

‘ನಿಮ್ಮನ್ನ ನೋಡಿ ಅದಕ್ಕೂ ಓಡೋ ಆಸೆ ಬಂತು ಕಣ್ರೀ. ಎಳ್ಕೊಂಡು ಬನ್ನಿ ಒಳಗೆ.’

‘ಮೂವತ್ತು ವರ್ಷ ಬಸ್ ಓಡಿಸಿದೀನಿ, ಹಿಂಗೆ ಎಳೆದಿಲ್ಲ!’

ಆವತ್ತು ದೊಡ್ಡಮಾವ ನಕ್ಕದ್ದು ಮಹಡಿಯ ಮೇಲಿನ ನನಗೂ ಕೇಳಿಸಿತು. ಆಮೇಲೆ ಎರಡು ಚಕ್ರ ನೇರಕ್ಕೆ ಮಾತ್ರ ಉರುಳುವುದು, ಎರಡು ಬ್ರೇಕ್ ಇರುವುದು ಎಂದು ಬದಲಾಯಿಸಿದರು.

ಎರಡು ತಿಂಗಳಲ್ಲಿ ಆರು ಗಾಡಿಗಳಾದವು. ಷೆಡ್ಡಿನ ನೆಲ ಎಷ್ಟೋ ವರ್ಷಗಳ ಮೇಲೆ ಕಂಡಿತು. ಸಿಮೆಂಟು ಹಸಿರು ಬಣ್ಣದ್ದೆಂದು ನನಗೆ ಗೊತ್ತೇ ಇರಲಿಲ್ಲ. ಮಗಳನ್ನು ಇಳಿಸಿ ತೆವಳಲು ಬಿಟ್ಟೆ. ಅವಳ ಹಿಂದೆಯೇ ಬಗ್ಗಿಕೊಂಡು ಹೋಗಿ ಮೂಲೆಮೂಲೆ ಹುಡುಕಿದೆ. ಒಂದು ಚೂರು ಕಬ್ಬಿಣ ಸಿಗಲಿಲ್ಲ. ಆ ರಾತ್ರಿ ತುಂಬ ದಿನಗಳ ನಂತರ ಒಳ್ಳೆಯ ನಿದ್ದೆ ಬಂತು.

ಟೈಲರ್ ಒಂದು ದಿನ ಮೆಷೀನಿಗೆ ಸ್ಕ್ರೂ ಬೇಕೆಂದು ಬಂದ. ನಾನು ಬಟ್ಟೆ ಹರಡುತ್ತಿದ್ದೆ. ಅವನು ಅಭ್ಯಾಸಬಲದಿಂದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡ. ಕೂರುವಷ್ಟರಲ್ಲಿ ದೊಡ್ಡಮಾವ ಮೂರನೆಯ ಗಾಡಿಯನ್ನು ಎಳೆದು, ಡಬ್ಬ ತೆರೆದು, ಸ್ಕ್ರೂವನ್ನು ಅವನ ಅಂಗೈಗೆ ಹಾಕಿಯಾಗಿತ್ತು.

‘ಅರೆ, ಇಷ್ಟು ಬೇಗನಾ!’ ಎಂದ ಟೈಲರ್.

‘ಹೂಂ. ಸಿಕ್ತಲ್ಲ.’

‘ಸಿಕ್ತು.’

ಇಬ್ಬರೂ ಸ್ವಲ್ಪ ಹೊತ್ತು ಆ ಸ್ಕ್ರೂವನ್ನೇ ನೋಡಿದರು. ‘ಬರ್ತೀನಿ ಹಾಗಾದ್ರೆ’ ಎಂದು ಟೈಲರ್ ಎದ್ದ. ಕೂತೇ ಇರಲಿಲ್ಲ, ಆದರೂ ಎದ್ದವನ ಹಾಗೆ ಹೋದ.

ಎಲ್ಲರದೂ ಇದೇ ಆಯಿತು. ಬಂದರು, ತೆಗೆದುಕೊಂಡರು, ಹೋದರು. ಸುಮ್ಮನೆ ಕೂತು ಮಾತಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೆ ಕಾಯುವುದಕ್ಕೆ ಏನೂ ಇಲ್ಲದಿದ್ದಾಗ ಕೂರುವುದು ಹೇಗೆ ಎಂದು ಆ ಗಂಡಸರಿಗೆ ತಿಳಿಯಲಿಲ್ಲ. ದೊಡ್ಡಮಾವನಿಗಂತೂ ಮೊದಲಿನಿಂದಲೂ ತಿಳಿಯದು.

ಅವರು ಇದಕ್ಕೊಂದು ಮದ್ದು ಹುಡುಕಿದರು. ಎಲ್ಲರೂ ಗಾಡಿಗಳನ್ನು ಹೊಗಳಿದ್ದರಲ್ಲ, ಅವರವರಿಗೂ ಒಂದೊಂದು ಮಾಡಿಕೊಡುತ್ತೇನೆ ಎಂದು ಹೊರಟರು. ಟೈಲರನಿಗೆ ದಾರದ ಉಂಡೆಗಳ ಗಾಡಿ, ಎಲೆಕ್ಟ್ರಿಷಿಯನ್‌ಗೆ ವೈರಿನದು, ಟೀಚರ್‌ಗೆ ಪುಸ್ತಕದ್ದು, ಡ್ರೈವರ್‌ಗೆ ಹೂಕುಂಡದ್ದು, ನನಗೆ ಮಗುವಿನ ಬಟ್ಟೆಯದು. ಆ ತಿಂಗಳು ಷೆಡ್ಡಿನಲ್ಲಿ ಮತ್ತೆ ಜನ. ಅಳತೆ ಕೊಡಲು ಬಂದರು, ಬಣ್ಣ ಹೇಳಲು ಬಂದರು, ಆಯಿತಾ ಎಂದು ಕೇಳಲು ಬಂದರು. ಗಾಡಿಗಳು ಮುಗಿದು ಅವರವರ ಮನೆ ಸೇರಿದವು. ಜೊತೆಗೆ ಒಂದೊಂದು ಸ್ಕ್ರೂಡ್ರೈವರ್, ಒಂದೊಂದು ಡಬ್ಬ ಮೊಳೆಯನ್ನೂ ದೊಡ್ಡಮಾವ ತುಂಬಿಕೊಟ್ಟಿದ್ದರು. ಈಗ ಎಲ್ಲರ ಬಳಿಯೂ ಎಲ್ಲವೂ ಇತ್ತು, ಇಟ್ಟ ಜಾಗದಲ್ಲೇ ಇತ್ತು. ಎರವಲು ಕೇಳಲು ಯಾರೂ ಬರಬೇಕಾಗಲಿಲ್ಲ.

ನಾನು ಮೇಲಿನಿಂದ ನೋಡುತ್ತಿದ್ದೆ. ಬೆಳಿಗ್ಗೆ ಷೆಡ್ಡು ತೆರೆಯುತ್ತಿದ್ದರು. ಒಂದು ಗಾಡಿಯನ್ನು ಈ ಗೋಡೆಯಿಂದ ಆ ಗೋಡೆಗೆ ತಳ್ಳುತ್ತಿದ್ದರು. ಒರೆಸುತ್ತಿದ್ದರು. ಹನ್ನೊಂದೂವರೆಗೆ ಊಟ. ಮಧ್ಯಾಹ್ನ ಇನ್ನೊಂದು ಗಾಡಿ. ಮಾತು ಕೇಳಿಸಿದರೆ ರೇಡಿಯೊ.

ಆಮೇಲೆ ಜೇಬಿನಲ್ಲಿ ನಟ್ಟು ಬಿಗಿಯುವ ಸ್ಪಾನರ್ ಇಟ್ಟುಕೊಂಡು ಬೀದಿಗೆ ಇಳಿಯತೊಡಗಿದರು. ‘ಚಕ್ರ ನೋಡಿ ಬರ್ತೀನಿ’ ಎಂದು ಮನೆಮನೆಗೆ. ಮೊದಲ ವಾರ ಎಲ್ಲರೂ ಖುಷಿಯಿಂದಲೇ ತೋರಿಸಿದರು. ಮೂರನೆಯ ವಾರ ಟೈಲರನ ಹೆಂಡತಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು.

‘ಹೇಳೋಕೆ ಒಂಥರಾ ಆಗತ್ತೆ. ನಿಮ್ಮ ದೊಡ್ಡಮಾವ ಬಂದು ಚಕ್ರ ನೋಡ್ತಾರೆ, ಚೆನ್ನಾಗೇ ಇರತ್ತೆ. ನಮ್ಮವರಿಗೆ ಕೈ ತುಂಬ ಕೆಲಸ. ಚಕ್ರ ಕೆಟ್ರೆ ನಾವೇ ಕರೀತೀವಿ ಅಂತ ಹೇಳಿಬಿಡಿ.’

‘ಹೇಳ್ತೀನಿ’ ಎಂದೆ. ಹೇಳಲಿಲ್ಲ. ಹೇಗೆ ಹೇಳುವುದು? ಅವರಿಗೇ ಅರ್ಥವಾಗಿರಬೇಕು. ಮುಂದಿನ ವಾರ ಅವರು ಗೇಟಿನವರೆಗೆ ಹೋದರು, ಎದುರುಮನೆ ಕಡೆ ನೋಡಿದರು, ಜೇಬು ಮುಟ್ಟಿಕೊಂಡು ಒಳಗೆ ಬಂದರು.

ಕೂಗಾಡಿದವಳು ನಾನು. ಷೆಡ್ಡು ಚೊಕ್ಕಟವಾದದ್ದು ನನ್ನಿಂದ, ಖಾಲಿಯಾದದ್ದೂ ನನ್ನಿಂದ. ಹಾಗೆಂದು ಮತ್ತೆ ನೆಲದ ತುಂಬ ಮೊಳೆ ಚೆಲ್ಲಿ ಎನ್ನುವ ಧೈರ್ಯವೂ ಇಲ್ಲ. ಎರಡು ದಿನ ಯೋಚಿಸಿ ಒಂದು ಉಪಾಯ ಮಾಡಿದೆ. ಅವರು ಊಟಕ್ಕೆ ಕೂತಾಗ ಷೆಡ್ಡಿಗೆ ಹೋಗಿ ಎರಡನೆಯ ಗಾಡಿಯಿಂದ ಹತ್ತನೆಯ ನಂಬರಿನ ಸ್ಪಾನರ್ ತಂದೆ. ಹತ್ತು ಸೆಕೆಂಡಿನಲ್ಲಿ ಸಿಕ್ಕಿತು. ನನ್ನ ಕೋಣೆಯ ಗಾಡಿಯ ಒಂದು ಚಕ್ರದ ಎರಡು ನಟ್ಟು ಸಡಿಲ ಮಾಡಿದೆ. ಮೆಟ್ಟಿಲ ಮೇಲೆ ನಿಂತು ಕೂಗಿದೆ.

‘ದೊಡ್ಡಮಾವ, ಗಾಡಿ ಅಲ್ಲಾಡ್ತಾ ಇದೆ. ಸ್ವಲ್ಪ ನೋಡ್ತೀರಾ?’

ಕೈ ತೊಳೆದ ಒದ್ದೆ ಆರುವ ಮೊದಲೇ ಬಂದರು. ಟೀ ಇಡುತ್ತೇನೆಂದು ನಾನು ಒಲೆಯ ಕಡೆ ತಿರುಗಿದೆ. ಟೀ ಕುದಿಯುವವರೆಗಾದರೂ ಕೂತಾರು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಮಗಳನ್ನು ಮರೆತಿದ್ದೆ. ಅವಳು ಆಗಷ್ಟೇ ಏನಾದರೂ ಹಿಡಿದು ನಿಲ್ಲಲು ಕಲಿಯುತ್ತಿದ್ದಳು. ಗಾಡಿಯ ಅಂಚು ಹಿಡಿದು ಎದ್ದಳು. ಚಕ್ರ ವಾಲಿತು. ದೊಡ್ಡಮಾವ ಒಂದೇ ಹೆಜ್ಜೆಗೆ ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ಮಗುವಿನ ಬೆನ್ನು ಹಿಡಿದರು. ಏನೂ ಆಗಲಿಲ್ಲ. ಮಗು ನಕ್ಕಿತು.

ಮಗುವನ್ನು ನನ್ನ ಕೈಗೆ ಕೊಟ್ಟು, ಮಂಡಿಯೂರಿ ಚಕ್ರ ನೋಡಿದರು. ಒಂದು ನಟ್ಟನ್ನು ಬೆರಳಿನಲ್ಲೇ ತಿರುಗಿಸಿದರು.

‘ನಟ್ಟು ಸಡಿಲ ಆಗಬಾರದು ಅಂತ ಸ್ಪ್ರಿಂಗ್ ವಾಷರ್ ಹಾಕಿದೀನಿ. ಇದು ತಾನಾಗೇ ಬಿಚ್ಚಲ್ಲ. ಯಾರು ಬಿಚ್ಚಿದ್ದು?’

‘ನಾನೇ’ ಎಂದೆ.

‘ಮಗು ಹಿಡ್ಕೊಂಡು ನಿಲ್ಲೋ ಗಾಡಿ ಇದು!’ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ‘ಏನು ತಿಳ್ಕೊಂಡಿದ್ದೀಯ? ತಾಯಿ ನೀನು! ಯಾಕೆ ಬಿಚ್ಚಿದೆ?’

‘ನೀವು ಬರ್ತೀರಿ ಅಂತ.’

ಬಚ್ಚಿಟ್ಟಿದ್ದ ಸ್ಪಾನರನ್ನು ಅವರ ಕೈಗೆ ಕೊಟ್ಟೆ. ‘ಕರೆದಿದ್ರೆ ಬರ್ತಿರ್ಲಿಲ್ವಾ?’ ಎಂದರು, ಸ್ವರ ಇಳಿಸಿ.

‘ಬರ್ತಿರ್ಲಿಲ್ಲ ನೀವು. ಏನು ಕೆಟ್ಟೋಗಿದೆ ಅಂತ ಕೇಳ್ತಿದ್ರಿ.’

ಅವರು ತಲೆ ತಗ್ಗಿಸಿ ಎರಡೂ ನಟ್ಟು ಬಿಗಿದರು. ಸ್ಪಾನರನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಕುದಿದ ಟೀ ಒಲೆಯ ಮೇಲೆಲ್ಲ ಚೆಲ್ಲಿತ್ತು. ಇಳಿದುಹೋದರು.

ಇನ್ನು ಅವರು ಮೆಟ್ಟಿಲು ಹತ್ತುವುದೇ ಇಲ್ಲ ಎಂದುಕೊಂಡೆ. ಮಾರನೆಯ ದಿನ ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದು.

‘ನಿನ್ನ ಮೇಲೆ ನನಗೆ ನಂಬಿಕೆ ಇಲ್ಲಮ್ಮ. ದಿನಾ ನೋಡ್ಬೇಕು’ ಎಂದು ಒಳಗೆ ಬಂದರು. ನಾಲ್ಕು ಚಕ್ರಕ್ಕೆ ನಾಲ್ಕು ನಾಲ್ಕರಂತೆ ಹದಿನಾರು ನಟ್ಟು. ಒಂದೊಂದಕ್ಕೂ ಸ್ಪಾನರ್ ಹಾಕಿ ನೋಡಿದರು. ಟೀ ಬೇಡವೆಂದರು. ಕೂರಲಿಲ್ಲ. ‘ಸರಿಯಾಗಿದೆ’ ಎಂದು ಮಗುವಿಗೆ ಹೇಳಿ ಹೊರಟರು.

ಈಗ ಇದೇ ನಡೆದಿದೆ. ಹದಿನಾರು ನಟ್ಟು ನೋಡಲು ಎಷ್ಟು ಹೊತ್ತು ಬೇಕು? ನಾಲ್ಕು ನಿಮಿಷ. ಮೆಟ್ಟಿಲು ಇಳಿದ ಮೇಲೆ ಷೆಡ್ಡಿನಲ್ಲಿ ಗಾಡಿ ಈ ಗೋಡೆಯಿಂದ ಆ ಗೋಡೆಗೆ ಉರುಳುವ ಸದ್ದು ಬರುತ್ತದೆ. ಅದೂ ನಿಲ್ಲುತ್ತದೆ.

ಕಳೆದ ಭಾನುವಾರ ಹನ್ನೊಂದು ದಾಟಿದರೂ ಅವರು ಬರಲಿಲ್ಲ. ನನ್ನ ಗಂಡ ಮನೆಯಲ್ಲಿದ್ದ. ‘ನಾನಿದ್ದೀನಲ್ಲ ಅಂತ ಬಂದಿಲ್ಲ ಅನ್ಸತ್ತೆ. ಬಿಡು, ಆ ನಟ್ಟು ನಾನೇ ನೋಡ್ತೀನಿ’ ಎಂದು ಗಾಡಿಯ ಪಕ್ಕ ಕೂತ.

‘ನೀನು ಮುಟ್ಟಬೇಡ’ ಎಂದೆ. ಅವನು ಹೆದರಿ ಕೈ ತೆಗೆದ.

ಮೆಟ್ಟಿಲಿಗೆ ಹೋಗಿ ಕೂಗಿದೆ. ‘ದೊಡ್ಡಮಾವ! ಇವತ್ತು ನೋಡಿಲ್ಲ ನೀವು!’

ಕೆಳಗೆ ರೇಡಿಯೊ ನಿಂತಿತು. ಬಂದರು. ನಾಲ್ಕು ನಿಮಿಷ ಇದ್ದರು.