ರೊಟ್ಟಿ ಬಡಿದು ಕಲಿತ ಕೀರ್ತನೆ

ಮೂರು ವರ್ಷದ ಹಿಂದೆ ಗೋಕಾಕದ ಸಂತೆಯಲ್ಲಿ ನನಗೆ ಹುಳುಕು ಬದನೆಕಾಯಿ ಕೊಟ್ಟವನು ಯಾರು ಎಂದು ಕೇಳಿ, ಥಟ್ಟನೆ ಹೇಳುತ್ತೇನೆ. ಅವನ ಅಂಗಿಯ ಬಣ್ಣವನ್ನೂ ಹೇಳುತ್ತೇನೆ. ಆದರೆ ಬೈಬಲ್ಲಿನ ಒಂದು ವಚನ ಬಾಯಿಪಾಠ ಒಪ್ಪಿಸು ಅನ್ನಿ, ಮುಗೀತು. ತಲೆ ಬರಿದಾಗುತ್ತದೆ.

ಹುಕ್ಕೇರಿಯ ತವರಿನಲ್ಲಿ ಈ ತಾಪತ್ರಯ ಇರಲಿಲ್ಲ. ಅಪ್ಪ ಪ್ರಾರ್ಥನೆ ಮಾಡುತ್ತಿದ್ದರು, ನಾವು ಆಮೆನ್ ಎನ್ನುತ್ತಿದ್ದೆವು, ಊಟಕ್ಕೆ ಏಳುತ್ತಿದ್ದೆವು. ತೊಂಬತ್ತರ ದಶಕದ ನಡುವೆ ಮದುವೆಯಾಗಿ ಘಟಪ್ರಭಾಕ್ಕೆ ಬಂದ ಮೇಲೆ ಸಿಕ್ಕಿಬಿದ್ದೆ. ಇಲ್ಲಿನ ಚರ್ಚಿನಲ್ಲಿ ದೃಢೀಕರಣ ಆಗದವರು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಮುಟ್ಟುವಂತಿಲ್ಲ. ದೃಢೀಕರಣ ಬೇಕೆಂದರೆ ಎಲ್ಲರೆದುರು ನಿಂತು ಒಂದು ಕೀರ್ತನೆಯನ್ನು, ದೇವರು ಕುರುಬನ ಹಾಗೆ ನಮ್ಮನ್ನು ಕಾಯುತ್ತಾನೆ ಎನ್ನುವ ಆ ಕೀರ್ತನೆಯನ್ನು, ಪುಸ್ತಕ ನೋಡದೆ ಹೇಳಬೇಕು.

ತಿಂಗಳ ಮೊದಲ ಭಾನುವಾರ ಬಂತೆಂದರೆ ನನಗೆ ಸಂಕಟ. ಗಂಡ, ಅತ್ತೆ ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಿದ್ದರು. ನಾನು ಹಾಲು ಕುಡಿಯುವ ಕೂಸುಗಳ ಜೊತೆ ಹಿಂದಿನ ಬೆಂಚಿನಲ್ಲಿ. ಕೂಸುಗಳಾದರೂ ಅಳಬಹುದಿತ್ತು, ನಾನು ಅಳುವಂತಿರಲಿಲ್ಲ. ಮನೆಗೆ ಬರುವಾಗ ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಒಂದು ಮಾತೂ ಆಡದೆ ಮುಂದೆ ಮುಂದೆ ನಡೆಯುತ್ತಿದ್ದರು. ಇಂಥ ಸೊಸೆ ಸಿಕ್ಕಳಲ್ಲ ಎಂದು ಅವರಿಗೆ ನಾಚಿಕೆ, ನನಗದು ಖಾತ್ರಿಯಾಗಿತ್ತು.

ಎರಡು ಸಲ ಪರೀಕ್ಷೆಗೆ ನಿಂತೆ. ಮೊದಲ ಸಲ ಹಸಿರು ಹುಲ್ಲಿನ ತನಕ ಹೋಗಿ ಕುರಿಗಳ ಜೊತೆ ನಾನೂ ಅಲ್ಲೇ ಉಳಿದೆ. ಎರಡನೆಯ ಸಲ ನಡುವಿನ ಕತ್ತಲ ಕಣಿವೆಯನ್ನು ಇಡಿಯಾಗಿ ಹಾರಿ ನೇರ ಊಟದ ಮೇಜಿಗೆ ಬಂದುಬಿಟ್ಟೆ. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ಒಳ್ಳೆಯವರು. “ಇರ್ಲಿ ತಂಗಿ, ಮುಂದಿನ ಸಲ ನೋಡೂಣು” ಎಂದರು. ಬೈದಿದ್ದರೇ ವಾಸಿಯಿತ್ತು.

ನನ್ನ ಗಂಡ ಮೂಡಲಗಿಯಲ್ಲಿ ಶಾಲಾ ಮಾಸ್ತರರು. ಅವರಿಗೆ ಗೊತ್ತಿದ್ದ ಮದ್ದು ಒಂದೇ.

“ಹತ್ತ ಸಲ ಬರಿ. ನಮ್ಮ ಸಾಲಿ ಹುಡುಗೂರು ಹಂಗ ಕಲೀತಾವ.”

“ನಿಮ್ಮ ಸಾಲಿ ಹುಡುಗೂರು ನೀರು ಹೊತ್ತು, ಭಾಂಡೆ ತಿಕ್ಕಿ, ಆಮ್ಯಾಲ ಬರೀತಾವೇನ್ರಿ?” ಎಂದೆ. ಆದರೂ ಬರೆದೆ. ಕೈ ನೋವು ಬಂತು, ಕೀರ್ತನೆ ಬರಲಿಲ್ಲ.

ಇನ್ನು ಪಕ್ಕದ ಮನೆಯ ಜೈನರ ಕಾಕು, ಅಂದರೆ ಚಿಕ್ಕಮ್ಮ. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ, ಮರೆತಲ್ಲಿ ಪುಸ್ತಕ ನೋಡುತ್ತ, ಗಟ್ಟಿಯಾಗಿ ಹೇಳಿಕೊಳ್ಳುವುದನ್ನು ಗೋಡೆಯಾಚೆ ಕಾಳು ಹಸನು ಮಾಡುತ್ತ ಕೇಳುತ್ತಿದ್ದರು. ಒಂದು ದಿನ ನಾನು ಎಂದಿನಂತೆ ಹುಲ್ಲಿನಲ್ಲಿ ನಿಂತುಬಿಟ್ಟೆ. ಗೋಡೆಯಾಚೆಯಿಂದ ದನಿ ಬಂತು: “ಮುಂದ ನೀರಿನ ಕಡಿ ಹೋಗ್ತಾನವಾ. ಪೂರಾ ಹೇಳ್ಲೇನ?” ಹೇಳಿಯೇಬಿಟ್ಟರು, ಒಂದು ಪದ ತಪ್ಪದೆ! ಬಸದಿಗೆ ಹೋಗುವ ಕಾಕು ಪಾಸಾಗುತ್ತಿದ್ದರು, ಚರ್ಚಿಗೆ ಹೋಗುವ ನಾನು ನಪಾಸು. ಒಗೆಯುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಒಗೆದು ಒಳಗೆ ಹೋಗಿ ಕುಳಿತೆ.

ಅವತ್ತು ಅತ್ತೆ ಈ ವಿಷಯಕ್ಕೆ ಮೊದಲ ಸಲ ಬಾಯಿಬಿಟ್ಟರು. ಅವರಿಗೆ ಅಕ್ಷರ ಬಾರದು. ಬೀಸುವ ಕಲ್ಲಿನ ಮುಂದೆ ಕುಳಿತು, ಯಾರೋ ಹೇಳಿದ್ದನ್ನು ಕೇಳಿ ಕೇಳಿ ಕೀರ್ತನೆ ಕಲಿತವರು.

“ಪುಸ್ತಕ ಮುಚ್ಚಿಡು. ಅದನ್ನ ಕಂಡ್ರ ನೀ ಹೆದರ್ತಿ. ನಾಳೆ ಹೊತ್ತಾರೆ ರೊಟ್ಟಿ ಬಡಿಯೂ ಮುಂದ ನಾ ಹೇಳ್ತೇನಿ, ನೀ ಅನ್ಕೋಂತ ಬಡಿ.”

ಮರುದಿನದಿಂದ ಶುರುವಾಯಿತು. ಅತ್ತೆ ಒಲೆಯ ಬಳಿ ರೊಟ್ಟಿ ಬೇಯಿಸುತ್ತ ಒಂದೊಂದು ಸಾಲು ಬಿಡುತ್ತಿದ್ದರು, ನಾನು ಹಿಟ್ಟಿನ ಮೇಲೆ ಅಂಗೈ ಬಡಿಯುತ್ತ ಅದನ್ನೇ ಬಾಯೊಳಗೆ ಅನ್ನುತ್ತಿದ್ದೆ. ಅವರ ಬಾಯಲ್ಲಿ ಪುಸ್ತಕದ ಕನ್ನಡವೆಲ್ಲ ನಮ್ಮ ಅಡುಗೆಮನೆಯ ಕನ್ನಡವಾಗಿತ್ತು. ಕುರುಬ ನಮ್ಮ ಪಕ್ಕದೂರು ತುಕ್ಕಾನಟ್ಟಿಯ ಕಡೆಯವನೇ ಇರಬೇಕು ಅನ್ನಿಸುತ್ತಿತ್ತು. ಅರ್ಥದ ಗೊಡವೆಗೆ ನಾನು ಹೋಗಲಿಲ್ಲ. ಬಾಯಿಗೆ ಬಂದರೆ ಸಾಕಿತ್ತು. ಮೊದಲ ರೊಟ್ಟಿಗೆ ಶುರು, ಕಡೆಯ ರೊಟ್ಟಿಗೆ ಮುಕ್ತಾಯ. ತಿಂಗಳಾಗುವಷ್ಟರಲ್ಲಿ ಹಿಟ್ಟು ಮುಟ್ಟಿದರೆ ಸಾಕು, ಕೀರ್ತನೆ ತಾನಾಗಿ ಬರತೊಡಗಿತು. ಗಂಡ ದಂಗಾಗಿ, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದು ಬಸ್ಸು ತಪ್ಪಿಸಿಕೊಂಡರು.

ಮೂರನೆಯ ಪರೀಕ್ಷೆ ಆರಾಧನೆ ಮುಗಿದ ಮೇಲೆ. ಎಲ್ಲರೂ ಕುಳಿತೇ ಇದ್ದರು. ಕೈಕಟ್ಟಿ ನಿಂತೆ. ಒಂದಕ್ಷರ ಬರಲಿಲ್ಲ! ಎಲ್ಲಿಂದ ಬಂದೀತು, ಕಲಿತದ್ದು ಕೈಯಲ್ಲಿ, ಆ ಕೈಯನ್ನೇ ಕಟ್ಟಿಕೊಂಡು ನಿಂತಿದ್ದೆ.

“ಅಯ್ಯಾರ, ಕೈ ಬಿಡ್ಲೇನ್ರಿ?”

“ಬಿಡವಾ, ಅದಕ್ಕೇನ?”

ಮುಂದಿದ್ದ ಬೆಂಚಿನ ಮೇಲೆ ಅಂಗೈ ಬಡಿಯಲು ಶುರುಮಾಡಿದೆ. ಹುಡುಗಿಯರು ಕಿಸಕ್ಕೆಂದರು. ನಗಲಿ, ನನಗೇನು. ಕುರುಬ ಬಂದ, ಹುಲ್ಲು ಬಂತು, ನೀರು ಬಂತು, ಕತ್ತಲ ಕಣಿವೆ ದಾಟಿದೆ, ಮೇಜಿನ ಮುಂದೆ ಕುಳಿತೆ. ಅಯ್ಯನವರು ನಗುತ್ತ ಪುಸ್ತಕ ಮುಚ್ಚುತ್ತಿದ್ದರು. ನನ್ನ ಕೈಯಲ್ಲಿ ಮಾತ್ರ ಕಡೆಯ ರೊಟ್ಟಿ ಇನ್ನೂ ಉಳಿದಿತ್ತು. ನಿಲ್ಲಲಿಲ್ಲ.

“ಹಿಂದ ಕುಂತಾಕೀನ ಮುಂದ ಕರಕೊಂಡ ಬಾ, ತಂದೀ. ನನ್ನ ಮಗ್ಗಲ ಕುಂಡ್ರಸು. ಆಕೀ ಮಾರಿ ಬಾಡಿದ್ದು ನನ್ನ ಕೈಲೆ ನೋಡಾಕ ಆಗವಲ್ದು. ಆಕಿ ಬರೂತನಾ ಈ ರೊಟ್ಟಿ ನನ್ನ ಗಂಟಲದಾಗ ಇಳಿಯೂದಿಲ್ಲ.”

ದಿನವೂ ಹೇಳಿದ್ದ ಮಾತು. ಕಿವಿಗೆ ಬಿದ್ದದ್ದು ಅವತ್ತೇ. ನನ್ನ ಕೈ ಬೆಂಚಿನ ಮೇಲೆ ಹಾಗೇ ನಿಂತಿತು.

ಅಯ್ಯನವರು ಮತ್ತೆ ಪುಸ್ತಕ ಬಿಚ್ಚಿ ಹಾಳೆ ತಿರುವಿದರು. “ಇದು ಎಲ್ಲಿ ಐತಿ ತಂಗಿ? ನನ್ನ ಪುಸ್ತಕದಾಗ ಇಲ್ಲಲ್ಲ!”

ಹೆಂಗಸರ ಸಾಲಿನಿಂದ ಅತ್ತೆ ಎದ್ದು ನಿಂತರು. ಮುಖ ಕೆಂಪಗಾಗಿತ್ತು. “ಅದು ನಂದ್ರೀ ಅಯ್ಯಾರ. ಕೀರ್ತನಿ ಮುಗದ ಮ್ಯಾಲ ದಿನಾ ನನ್ನಷ್ಟಕ್ಕ ನಾ ಬೇಡ್ಕೋತಿದ್ನಿ. ಈ ಹುಚ್ಚಿ ಅದನ್ನೂ ಬಾಯಿಪಾಠ ಮಾಡಿಬಿಟ್ಟಾಳ!”

ಇಡೀ ಚರ್ಚು ನಕ್ಕಿತು. ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಒಂದು ವರ್ಷ ಆ ಹೆಂಗಸಿನ ಬೆನ್ನು ನೋಡುತ್ತ ನಡೆದಿದ್ದೆ, ಏನೆಲ್ಲ ಅಂದುಕೊಂಡಿದ್ದೆ. ಅಷ್ಟು ಜನರ ಮುಂದೆ ಗಳಗಳನೆ ಅತ್ತುಬಿಟ್ಟೆ. ಅತ್ತೆ ಮತ್ತೆ ಕುಳಿತು, ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದು ಜಾಗ ಬಿಟ್ಟರು.

ಹೋಗಿ ಅವರ ಮಗ್ಗಲಲ್ಲಿ ಕುಳಿತೆ. ಪಾಸೋ ನಪಾಸೋ, ಅಯ್ಯನವರು ಇನ್ನೂ ಹೇಳಿರಲಿಲ್ಲ.