ಸರ್ವಮಂಗಳಕ್ಕ ಉಳಿಸಿದ ಮಗು

ಸರ್ವಮಂಗಳಕ್ಕನ ಹೆಸರೆತ್ತಿದರೆ ನಮ್ಮೂರಿನ ದೊಡ್ಡ ಮನುಷ್ಯರು ಇಂದಿಗೂ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಅವರ ಮುಖಕ್ಕೆ ಹೆದರಿ ನಾನು ಬಾಯಿ ಮುಚ್ಚಿಕೊಂಡಿರಬೇಕೆ?

ನಮ್ಮೂರು ಹುಲ್ಲಹಳ್ಳಿಯಿಂದಾಚೆ, ನಾಲೆಯ ಬದಿಗಿದೆ. ತೊಂಬತ್ತಮೂರರಲ್ಲಿ ಮೇಲಿನ ಬೀದಿಯ ಯಜಮಾನರೊಬ್ಬರು ಸತ್ತಾಗ, ತಮಟೆ ಬಡಿಯಲು ಬರುವುದಿಲ್ಲ ಎಂದು ಕೇರಿಯವರು ಖಡಾಖಂಡಿತವಾಗಿ ಹೇಳಿದರು. ಅಷ್ಟೇ ಅವರ ತಪ್ಪು. ಮಣ್ಣು ಮಾಡಿ ಬಂದವರು ನೇರ ಕೇರಿಗೆ ನುಗ್ಗಿ ಬೆಂಕಿಯಿಟ್ಟರು. ತಮಟೆಯ ಜವರಯ್ಯನನ್ನು ಅವನ ಬಾಗಿಲಲ್ಲೇ ಕೊಚ್ಚಿದರು. ಹೆಂಡತಿ ಚಿಕ್ಕಮಾದಮ್ಮ ಕೈಗೂಸನ್ನು ಎತ್ತಿಕೊಂಡು ಕಬ್ಬಿನ ಗದ್ದೆಯೊಳಗೆ ಓಡಿ ಪಾರಾದಳು. ಐದು ವರ್ಷದ ಮಗಳು ವನಿತಾ ದಿಕ್ಕುತಪ್ಪಿ ಓಡಿ, ಸರ್ವಮಂಗಳಕ್ಕನ ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ಅವಿತುಕೊಂಡಳು.

ಅಕ್ಕ ಮೇಲಿನ ಬೀದಿಯವಳೇ, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ವಿಧವೆ. ಕೊಚ್ಚಿದವರ ಮುಂದಾಳು ಅವಳ ಗಂಡನ ಅಣ್ಣ ಶಿವಮಲ್ಲಪ್ಪ. "ಜವ್ರನ್ ವಂಸ್ದಲ್ಲಿ ಒಂದೂ ಉಳೀಬಾರ್ದು ಕಣ್ರಲಾ" ಎನ್ನುತ್ತ ಅವನು ಮನೆಮನೆ ಹುಡುಕುತ್ತಿದ್ದ. ಅಕ್ಕ ಮಗುವಿನ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ತನ್ನ ಕೊರಳ ಲಿಂಗವನ್ನೇ ಬಿಚ್ಚಿ ಅದಕ್ಕೆ ಕಟ್ಟಿ, ಪೂಜೆಯ ಮಣೆಯ ಮೇಲೆ ಕೂರಿಸಿದಳು.

ಶಿವಮಲ್ಲಪ್ಪ ಮಚ್ಚು ಹಿಡಿದೇ ಒಳಗೆ ಬಂದ. "ಯಾರಿದು?"

"ಮೂಗೂರಿನ ನನ್ ತಂಗಿ ಮಗಳು ಕಣ್ ಭಾವ."

ಕೇರಿಯ ಮಕ್ಕಳ ಮುಖ ನೋಡಿದ ಜಾಯಮಾನ ಅವನದಲ್ಲ, ನಂಬಿದ. ಅಷ್ಟರಲ್ಲಿ ಹೆದರಿಕೆಗೆ ಮಗು ಬಿಕ್ಕಳಿಸತೊಡಗಿತು. ಅಕ್ಕ ನೀರಿನ ಲೋಟ ಚಾಚಿದಳು. ಮಗು ಲೋಟ ಮುಟ್ಟಲಿಲ್ಲ. ಬಗ್ಗಿ, ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿತು. ಮೇಲಿನ ಬೀದಿಯವರು ಎತ್ತಿ ಹೊಯ್ದ ನೀರನ್ನಷ್ಟೇ ಕುಡಿದು ಗೊತ್ತಿದ್ದ ಮಗು ಅದು. ಅಕ್ಕ ತಡಮಾಡದೆ ಬೊಗಸೆಗೆ ನೀರು ಹೊಯ್ದು ಗದರಿದಳು: "ಮಗಾ ತೀರ್ಥ ತಕತಾ ಅದೆ. ಪೂಜೆ ತಾವ್ಕೆ ಮಚ್ಚಿಡ್ಕಂಡು ಬಂದಿದ್ದೀರಲ್ಲ, ಆಚ್ಗೆ ನಡೀರಿ!"

ಅವನು ಮಚ್ಚನ್ನು ಬೆನ್ನ ಹಿಂದೆ ಮರೆಮಾಡಿ, ತಲೆಬಾಗಿ ಹೊರಟುಹೋದ. ಆ ಎಳೆಗೈಗೆ ಬೊಗಸೆ ಒಡ್ಡುವುದನ್ನು ಕಲಿಸಿದ್ದು ಇವನದೇ ಬೀದಿ. ಇವನ ಕಣ್ಣಿಗೆ ಅದು ಭಕ್ತಿಯಾಗಿ ಕಂಡಿತು. ಥೂ!

ಗಲಾಟೆ ತಣ್ಣಗಾಗುವವರೆಗೆ ಅಕ್ಕ ಮಗುವನ್ನು ಅಟ್ಟದಲ್ಲಿ, ರಾಗಿ ಮೂಟೆಗಳ ಹಿಂದೆ ಇಟ್ಟು ಸಾಕಿದಳು. ಆಮೇಲೆ ಬಸ್ಸಿನಲ್ಲಿ ಸೋಸಲೆಗೆ ಕರೆದೊಯ್ದು, ತವರಿನಲ್ಲಿದ್ದ ಚಿಕ್ಕಮಾದಮ್ಮನ ಮಡಿಲಿಗೆ ಹಾಕಿ ಬಂದಳು. ಸುದ್ದಿ ಹೊರಬಿದ್ದಾಗ ನಮ್ಮ ಭಕ್ತರು ಸತ್ತ ಜವರಯ್ಯನಿಗೆ ಅಳಲಿಲ್ಲ. ಲಿಂಗ ಕೆಟ್ಟಿತು, ಮನೆ ಕೆಟ್ಟಿತು ಎಂದು ಬಾಯಿ ಬಡಿದುಕೊಂಡರು. ಅಕ್ಕನನ್ನು ಮದುವೆ ಮುಂಜಿಗೂ ಕರೆಯುವುದು ಬಿಟ್ಟರು. ಕೇಸಿನಲ್ಲಿ ಅವಳೊಬ್ಬಳೇ ಸಾಕ್ಷಿ ಹೇಳಿದಳು, ಮಿಕ್ಕವರೆಲ್ಲ ಉಲ್ಟಾ ಹೊಡೆದರು. ಶಿವಮಲ್ಲಪ್ಪ ಖುಲಾಸೆಯಾಗಿ ಬಂದು ಪಂಚಾಯ್ತಿ ಮೆಂಬರಾದ.

ಎರಡು ಸಾವಿರದ ಮೂರರಲ್ಲಿ ವನಿತಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಚುನಾವಣೆ ಹತ್ತಿರವಿತ್ತು. ಶಿವಮಲ್ಲಪ್ಪ ತಾಯಿ ಮಗಳನ್ನು ಊರಿಗೆ ಕರೆಸಿ, ಶಾಲೆಯ ಮುಂದೆ ಶಾಮಿಯಾನ ಹಾಕಿಸಿ, ಶಾಲು ಹೊದಿಸಿ ಹಲ್ಲುಕಿರಿದ.

"ಅವತ್ತು ಈ ಮಗೀನ ನಮ್ ಮನೇಲಿ ಮಡೀಕಂಡು ಕಾಪಾಡ್ದೋರು ನಾವು!"

ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನ ಕೊನೆಯಿಂದ ಸರ್ವಮಂಗಳಕ್ಕ ಎದ್ದು ನಿಂತಳು.

"ಕಾಪಾಡಿದ್ದು ದಿಟ ಕಣ್ ಭಾವ. ಯಾರ್ ಕೈಯಿಂದ ನಾ ಕಾಪಾಡ್ದೆ, ಅದ್ನೂ ಯೋಳಿ."