ದೊಡ್ಡವ್ವನ ಕರೆಗೆ ಏಳದ ಮೋಟರು

ಪೂರಿಗಾಲಿಯ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ದೊಡ್ಡವ್ವ ಫೋನು ಒತ್ತಿ ಒತ್ತಿ ಪಂಪಿನ ಸ್ಟಾರ್ಟರು ಡಬ್ಬ ಕೆಡಿಸಿದಳು, ಭತ್ತದ ಸಸಿ ಬೆಳೆಸಿದ್ದ ಒಟ್ಲು ಒಣಗಿತು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮಂಡಿ ಸವೆದ ಮೇಲೆ ದೊಡ್ಡವ್ವ ಬದು ಹತ್ತಿ ಇಳಿಯಲಾರಳು. ದೊಡ್ಡಪ್ಪ ತೀರಿಹೋದ ಮೇಲೂ ಗದ್ದೆಯನ್ನು ಯಾರಿಗೂ ಬಿಟ್ಟುಕೊಡದೆ ಇದ್ದದ್ದು ಆ ಡಬ್ಬದ ಬಲದಿಂದ. ಅದರೊಳಗೊಂದು ಸಿಮ್ಮು. ಜಗಲಿಯಲ್ಲಿ ಕೂತು ರಿಂಗ್ ಕೊಟ್ಟರೆ ಬೋರ್‌ವೆಲ್ಲಿನ ಮೋಟರು ಏಳುತ್ತಿತ್ತು. "ನನ್ ಮೋಟ್ರು ಮಾತ್ ಕೇಳ್ತದೆ ಕಣಮ್ಮ, ನಿಮ್ಮಪ್ಪ ಕೇಳಕ್ಕಿಲ್ಲ" ಎಂದು ನನಗೆ ಹೇಳಿ ನಗುತ್ತಿದ್ದಳು.

ಚಿಕ್ಕಪ್ಪ ಮಳವಳ್ಳಿಗೆ ಹೋಗಿ ಕಾಲೇಜಿನಲ್ಲಿದ್ದ ನನ್ನದೊಂದನ್ನು ಬಿಟ್ಟು ಮನೆಯ ಎಲ್ಲ ನಂಬರುಗಳನ್ನೂ ಬೇರೆ ಕಂಪನಿಗೆ ಬದಲಾಯಿಸಿಕೊಂಡು ಬಂದ. ಡಬ್ಬದ್ದನ್ನೂ ಬಿಡಲಿಲ್ಲ. ನಂಬರು ಹಳೆಯದೇ, ಸಿಮ್ಮು ಹೊಸದು. ಅಲ್ಲಿಂದ ದೊಡ್ಡವ್ವ ಎಷ್ಟು ಕರೆದರೂ 'ಸ್ವಿಚ್ ಆಫ್' ಎನ್ನುವ ಹೆಣ್ಣುದನಿ. "ನಾನೇ ಓಗಿ ಗುಂಡಿ ಒತ್ತೀನಿ" ಎಂದ ಚಿಕ್ಕಪ್ಪ ಒಂದು ದಿನ ಹೋದ, ಒಂದು ದಿನ ಮರೆತ. ಪೈರು ಕೆಂಪಾಯಿತು.

ಟೂಜಿ ಹೋಗಿ ಫೋರ್‌ಜಿ ಎಂಬ ಹೊಸ 'ಜಿ' ಬಂತೆಂದರೆ ಹಳೆಯ ರಸ್ತೆಯನ್ನೇ ಅಗಲ ಮಾಡಿದ ಹಾಗೆ ಎಂದು ಜನ ತಿಳಿದಿದ್ದಾರೆ. ಅಗಲ ಮಾಡುವುದಲ್ಲ ಸ್ವಾಮಿ. ಟವರು ಮತ್ತು ಫೋನು ಮಾತಾಡುವ ಕ್ರಮವೇ ಬದಲಾಗುತ್ತದೆ. ಟೂಜಿಯಲ್ಲಿ ಕರೆಗೆಂದೇ ಜಾಗ ಮೀಸಲು. ಫೋರ್‌ಜಿಯಲ್ಲಿ ದನಿಯೂ ಡೇಟಾ ಆಗಿ ತುಂಡುತುಂಡಾಗಿ ಹೋಗುತ್ತದೆ. ದೊಡ್ಡವ್ವನ ಫೋನು ಈಚಿನದು, ಅದಕ್ಕೆ ಎರಡೂ ಬರುತ್ತವೆ. ಡಬ್ಬಕ್ಕೆ ಬರುವುದು ಟೂಜಿ ಮಾತ್ರ. ಚಿಕ್ಕಪ್ಪ ಆರಿಸಿದ ಹೊಸ ಕಂಪನಿಯ ಟವರಿನಲ್ಲಿ ಟೂಜಿಯೇ ಇಲ್ಲ.

ಊಟಕ್ಕೆ ಕೂತಾಗ ಇದನ್ನೇ ಹೇಳಿದೆ.

"ನಿನ್ ಡಿಬೇಟು ಕಾಲೇಜಲ್ ಇಟ್ಕೊ" ಎಂದ ಚಿಕ್ಕಪ್ಪ, ದೊಡ್ಡವ್ವನ ಕಡೆ ತಿರುಗಿದ. "ಅತ್ಗೆ, ನಿನ್ನ ಕೈಲಾಗಕ್ಕಿಲ್ಲ ಬುಡು. ಇನ್ಮೇಲೆ ಗದ್ದೆ ನಾನೇ ನೋಡ್ಕತೀನಿ."

ದೊಡ್ಡವ್ವ ಮುದ್ದೆ ಮುರಿಯುತ್ತಿದ್ದಳು. "ನೋಡ್ಕಳೋನಾಗಿದ್ರೆ ಒಟ್ಲು ಯಾಕ್ಲಾ ಒಣಗ್ತು?"

ಅವನು ಕೈ ತೊಳೆಯಲು ಎದ್ದ.

ಮಾರನೆಯ ಬೆಳಿಗ್ಗೆ, ಟೂಜಿ ಇನ್ನೂ ಉಳಿಸಿಕೊಂಡಿರುವ ಕಂಪನಿಯ ನನ್ನ ಸಿಮ್ಮನ್ನು ಡಬ್ಬಕ್ಕೆ ಹಾಕಿ, ಇನ್ನು ನನ್ನ ನಂಬರಿಗೇ ರಿಂಗ್ ಕೊಡು ಎಂದು ದೊಡ್ಡವ್ವನಿಗೆ ಹೇಳಿದೆ. ಅವಳು ಜಗಲಿಯಿಂದ ರಿಂಗ್ ಕೊಟ್ಟಳು. ಮೋಟರು ಎದ್ದಿತು. ಆದರೆ ನೀರು ಕಾಲುವೆಗುಂಟ ಹರಿದು ಗದ್ದೆ ಮುಟ್ಟುವಾಗ ಅಲ್ಲಿ ಚಿಕ್ಕಪ್ಪ ದೊಡ್ಡವ್ವನನ್ನು ಕೇಳದೆಯೇ ಒಣಗಿದ ಒಟ್ಲನ್ನು ಟ್ರ್ಯಾಕ್ಟರಿನಲ್ಲಿ ಉಳುತ್ತಿದ್ದ. ಎಂಜಿನ್ ನಿಲ್ಲಿಸಿ, ನೀರನ್ನೂ ನನ್ನನ್ನೂ ನೋಡಿದ.

"ಚಿಕ್ಕಪ್ಪ, ಮೋಟ್ರು ಅವಳ ಮಾತು ಕೇಳ್ತು. ಈಗ ಗದ್ದೆ ಅವಳಿಗೆ ಬಿಡ್ತೀಯಾ?"